ಮೊಲದ ಕಣ್ಣಿಗೆ ಸೆರಗು

ಅರಕೇರಾದ ಆದೆಮ್ಮನ ಮೇಲೆ ಹೊರಿಸಿದ ತಪ್ಪು ಆಕೆಯದಲ್ಲ. ಆಕೆ ಮಣ್ಣಾಗಿ ಹೋದರೂ ಜನ ಅದನ್ನೇ ಆಡುತ್ತಾರೆ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ದೇವದುರ್ಗದ ಕಡೆಯ ಕುರಿ ಕಾಯುವ ಮನೆತನ ಆಕೆಯದು. ಗಂಡ ಬಿಟ್ಟು ಹೋದ ಮೇಲೆ, ಎಪ್ಪತ್ತೆಂಟನೇ ಇಸವಿಯಲ್ಲಿ, ರಾಯಚೂರಿನ ಒಂದು ಔಷಧಿ ಕಾಲೇಜಿಗೆ ಮೊಲ ನೋಡಿಕೊಳ್ಳಲು ಸೇರಿದಳು. ನಾನು ಮಾನ್ವಿ ಕಡೆಯ ಕುರ್ಡಿಯವಳು, ಅದೇ ಕೋಣೆಯಲ್ಲಿ ಸೂಜಿ, ಗಾಜಿನ ಸಾಮಾನು ತೊಳೆಯುತ್ತಿದ್ದೆ. ಆದೆಮ್ಮನನ್ನು ಕಾಯಂ ಮಾಡುವ ಮಾತಿತ್ತು. ಕಾಯಂ ಆದರೆ ಊರಲ್ಲಿ ಬಿಟ್ಟಿದ್ದ ಮಗಳನ್ನು ತಂದು ಜೊತೆಗಿಟ್ಟುಕೊಳ್ಳಬೇಕು ಎಂಬುದೊಂದೇ ಆಕೆಯ ಆಸೆ.

ಅಲ್ಲಿ ಪಾಠ ಹೇಳುತ್ತಿದ್ದ ಸಿದ್ದರಾಮಪ್ಪ ಸರ್ ಮೊಲದ ತಲೆಬುರುಡೆಗೆ ಸಣ್ಣ ತಿರುಪು ಕೂರಿಸಿ ಯಂತ್ರದ ತಂತಿ ಹಚ್ಚುತ್ತಿದ್ದರು. ಮಿದುಳಿನಲ್ಲೂ ಕರೆಂಟು ಹರಿಯುತ್ತದೆ, ಅದು ಹರಿದ ಹಾಗೆ ಪೆನ್ನು ಕಾಗದದ ಮೇಲೆ ಗೆರೆ ಎಳೆಯುತ್ತದೆ. ಎಚ್ಚರದ ಮೊಲಕ್ಕೆ ಗಿಜಿಗಿಜಿ ಸಣ್ಣ ಗೆರೆ. ಮಂಪರಿನ ಮದ್ದು ಚುಚ್ಚಿದರೆ ದೊಡ್ಡ, ನಿಧಾನದ ಅಲೆ. ಮದ್ದು ಮಿದುಳನ್ನು ಹೀಗೆ ತಣ್ಣಗೆ ಮಾಡುತ್ತದೆಂದು ತೋರಿಸಿ ಸರ್ ದೊಡ್ಡ ಪದವಿ ಪಡೆಯಬೇಕಿತ್ತು. ಬರೀ ಉಪ್ಪುನೀರು ಚುಚ್ಚಿದ ಮೊಲಗಳನ್ನು, ಹೋಲಿಸಿ ನೋಡಲೆಂದು, ಆದೆಮ್ಮ ಬರುವ ಮುಂಚೆಯೇ ಹಲಗೆಗೆ ಕಟ್ಟಿ ನೋಡಿ ಮುಗಿಸಿದ್ದರು; ಅವುಗಳ ಗೆರೆ ಗಿಜಿಗಿಜಿಯೇ ಇತ್ತು.

ಹಲಗೆಗೆ ಕಟ್ಟಿದರೂ ಮೊಲ ಒದ್ದರೆ ಪೆನ್ನು ಅಡ್ಡಾದಿಡ್ಡಿ ಗೀಚುತ್ತಿತ್ತು.

"ಅದು ಅಲುಗಾಡಬಾರ್ದು ನೋಡು ಆದೆಮ್ಮ. ಹೆಂಗರ ಮಾಡಿ ಹಿಡಿ," ಎಂದರು ಸರ್.

ಉಣ್ಣೆ ಕತ್ತರಿಸುವಾಗ ಕುರಿ ಬೆದರದಂತೆ ಆಕೆಯ ಮನೆಯವರು ಹಿಡಿಯುವ ರೀತಿ ಒಂದಿದೆ. ಹಾಗೆಯೇ ಹಿಡಿದಳು. ಮೊಲವನ್ನು ತೊಡೆಯ ಮೇಲೆ ಮಗ್ಗುಲಿಗೆ ಮಲಗಿಸಿ, ಕಣ್ಣಿಗೆ ಸೆರಗು ಮುಚ್ಚಿ, ಗಂಟಲಡಿ ಬೆರಳಾಡಿಸುತ್ತ ಹೂಂ ಹೂಂ ಎನ್ನುತ್ತಿದ್ದಳು. ಮೊಲ ಅರಿವೆಯ ಗಂಟಿನಂತೆ ಬಿದ್ದಿರುತ್ತಿತ್ತು.

"ಸೂಗಕ್ಕಾ, ನನ್ನ ಗಂಡಗ ಈ ಮೊಲದ ಬುದ್ಧಿ ಇದ್ದಿದ್ರ ಇನ್ನಾ ಮನ್ಯಾಗ ಇರ್ತಿದ್ದ ನೋಡು," ಎಂದು ನನ್ನ ಕಡೆ ನೋಡಿ ನಗುತ್ತಿದ್ದಳು.

ಮರುವರ್ಷ ಹೈದರಾಬಾದಿನಿಂದ ಪರೀಕ್ಷಕರು ಬಂದರು. ಮದ್ದು ಚುಚ್ಚಿದ್ದು ನೋಡಿದರು, ಅಲೆ ನೋಡಿದರು. ಆಮೇಲೆ ಇನ್ನೊಂದು ಮೊಲಕ್ಕೆ ಉಪ್ಪುನೀರು ಚುಚ್ಚಿ ಎಂದರು. ಆದೆಮ್ಮ ಎಂದಿನಂತೆ ಹಿಡಿದಳು. ಪೆನ್ನು ಅದೇ ದೊಡ್ಡ ಅಲೆ ಎಳೆಯಿತು.

"ಸೆರಗು ತೆಗೀರಮ್ಮಾ," ಎಂದರು ಪರೀಕ್ಷಕರು.

ತೆಗೆದು ಕೈ ಸಡಿಲಿಸಿದಳು. ಮೊಲ ಕಿವಿ ಎತ್ತಿತು, ಗೆರೆ ಗಿಜಿಗಿಜಿ ಆಯಿತು.

"ಇದರಾಗ ಮದ್ದಿನದೆಷ್ಟು, ಈಕಿ ಕೈಯಿಂದೆಷ್ಟ್ರೀ?" ಎಂದು ಕೇಳಿ ಎದ್ದು ಹೋದರು.

ಸರ್ ಆದೆಮ್ಮನ ಮೇಲೆ ಹರಿಹಾಯ್ದರು. "ಕಣ್ಣು ಮುಚ್ಚು ಅಂತ ಯಾವಾಕಿ ಹೇಳಿದ್ಲು ನಿನಗ?"

"ಹೆಂಗರ ಮಾಡಿ ಹಿಡಿ ಅಂದ್ರಿ, ಹಿಡಿದೀನ್ರಿ."

ವರ್ಷವೆಲ್ಲ ಒಂದು ಮಾರು ದೂರದಲ್ಲಿ ಕೂತಿದ್ದ ಮನುಷ್ಯ! ಪೆನ್ನಿನ ತುದಿ ನೋಡಿದ, ಮೊಲ ಯಾರ ತೊಡೆಯ ಮೇಲಿದೆ ಎಂದು ನೋಡಲಿಲ್ಲ.

ಎರಡು ದಿನ ಬಿಟ್ಟು ಸರ್ ಒಂದು ಕಾಗದ ತಂದರು. "ಹೆಬ್ಬೆಟ್ಟು ಒತ್ತು. ನಿನ್ನ ಕಾಯಂ ಮಾಡಸ್ತೀನಿ."

ಆದೆಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಸರ್ ಬೇಡವೆಂದರೂ ಅವರ ಕಣ್ಣು ತಪ್ಪಿಸಿ ಮೊಲಕ್ಕೆ ಸೆರಗು ಮುಚ್ಚಿದೆ ಎಂದು ಆದೆಮ್ಮನೇ ಹೇಳಿದ ಹಾಗೆ ಬರೆದಿತ್ತು.

"ನಾ ಕದ್ದು ಮಾಡೀನೇನ್ರಿ? ನಿಮ್ಮ ಮೂಗಿನ ಮುಂದ ಕುಂತು ಮಾಡೀನಿ."

"ಮಗಳನ್ನ ತರೂದಿಲ್ಲೇನು ಮತ್ತ?"

ಆದೆಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. "ತರ್ತಿದ್ದೆ ರೀ. ಆದ್ರ ನಿಮ್ಮವ್ವ ಕಣ್ಣು ತಪ್ಪಿಸಿ ಕೆಲಸ ಕೆಡಿಸಿದಾಕಿ ಅಂತ ನಾಳಿ ಅಕಿಗೆ ಯಾರರ ಅಂದ್ರ, ನನ್ನ ಹೆಬ್ಬೆಟ್ಟೇ ಸಾಕ್ಷಿ ಆಗ್ತದ."

ಕಾಗದ ಮೇಜಿನ ಮೇಲಿಟ್ಟು ಹೊರಟಳು. ಅರಕೇರಾದಲ್ಲಿ ಕಳೆ ಕಿತ್ತೇ ಮಗಳನ್ನು ಬೆಳೆಸಿದಳು.

ಸರ್ ಮೊಲಗಳನ್ನು ಹಲಗೆಗೆ ಬಿಗಿದು ಎಲ್ಲ ಹೊಸದಾಗಿ ಮಾಡಿದರು. ಎಂಬತ್ತೆರಡರಲ್ಲಿ ಪದವಿ ಬಂತು, ಹಾರ ಹಾಕಿಸಿಕೊಂಡರು. ತಡವಾದದ್ದೇಕೆ ಎಂದು ಕೇಳಿದವರಿಗೆಲ್ಲ, ಕುರಿ ಕಾಯುವವಳೊಬ್ಬಳು ಕದ್ದು ಕೆಡಿಸಿದಳು ಎಂದರು. ಹೆಬ್ಬೆಟ್ಟಿಲ್ಲದೆಯೂ ಆ ಮಾತು ನಡೆಯಿತು, ಅರಕೇರಾದವರೆಗೂ ಹೋಯಿತು. ಆದೆಮ್ಮನ ಮಗಳು ಬಂದು ಅದು ನಿಜವೇ ಎಂದು ನನ್ನನ್ನು ಕೇಳಿದಳು. ಸುಳ್ಳು ಎಂದೆ. ಆ ಕೋಣೆಯಲ್ಲಿ ನಾನಿದ್ದೆ.