ಹುಣಸೆ ಬರಲಿನಲ್ಲಿ ಅಳೆದ ಪೆಟ್ರೋಲು

ಆ ದಿನಗಳಲ್ಲಿ ನಮ್ಮೂರಿನ ಮಕ್ಕಳಿಗೆ ಏಟು ಬೀಳಲು ನೂರು ಕಾರಣಗಳಿದ್ದವು. ಎಮ್ಮೆ ಕಟ್ಟಲಿಲ್ಲ, ಮಗ್ಗಿ ಬರಲಿಲ್ಲ, ಕುಂಟೆಬಿಲ್ಲೆ ಆಡುತ್ತಾ ಒಲೆಯ ಮೇಲಿನ ಹಾಲು ಮರೆತೆ, ಹೀಗೆ. ನಮ್ಮ ಮನೆಯಲ್ಲಿ ನೂರೊಂದನೆಯದೂ ಇತ್ತು, ಪೆಟ್ರೋಲು. ನೀವೂ ಹಳೆಯ ಟೂ ಸ್ಟ್ರೋಕ್ ಗಾಡಿಯ ಟ್ಯಾಂಕಿನ ಮೇಲೆ ಕೂತು ಬೆಳೆದವರಾದರೆ ಇದನ್ನು ಓದಿ ನಗುತ್ತೀರಿ. ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನಮ್ಮೂರು ರಾಜಘಟ್ಟದ ಮಗ್ಗುಲಲ್ಲಿ. ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಬಾಶೆಟ್ಟಿಹಳ್ಳಿಯ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ. ಕೋಳಿ ಕೂಗುವ ಮೊದಲೇ ಹೊರಡುವ ಅಪ್ಪ ಮಧ್ಯಾಹ್ನ ಇಳಿದ ಮೇಲೆ ಬಂದು ಗಾಡಿ ನಿಲ್ಲಿಸಿದರೆ, ಸೀಟಿನ ಬಿಸಿ ಆರುವ ಮುಂಚೆ ಚಿಕ್ಕಪ್ಪ ಅದನ್ನೇರಿ ಸಂಜೆ ಪಾಳಿಗೆ ಹೋಗುತ್ತಿದ್ದ. ಅವರ ಪಾಳಿಯ ಹೊತ್ತಿಗೆ ನಮ್ಮೂರಿಗೆ ಬಸ್ಸಿರಲಿಲ್ಲ. ಇನ್ನೊಂದು ಗಾಡಿ ತರೋಣ ಎಂದು ಚಿಕ್ಕಪ್ಪ ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದ. ಅಜ್ಜಿ ಸುತರಾಂ ಒಪ್ಪಲಿಲ್ಲ.

"ಬಾಗ್ಲಾಗೆ ಎರಡು ಗಾಡಿ ನಿಂತ್ರೆ ಒಳಗೆ ಎರಡು ಒಲೆ ಉರೀತವೆ. ನಾನು ಕಣ್ಮುಚ್ಚೋಗಂಟ ಬ್ಯಾಡ" ಎನ್ನುತ್ತಿದ್ದಳು.

ಅಪ್ಪನದೂ ಅದೇ ಮಾತು. ಹಿಡಿತದಲ್ಲಿ ಓಡಿಸಿದರೆ ಒಂದೇ ಗಾಡಿ ಇಡೀ ಮನೆಗೆ ಸಾಕು ಎಂದು ಅವನ ವಾದ. ಅದನ್ನು ಸಾಧಿಸಿ ತೋರಿಸಲು ಅವನು ಮಾಡದ ಕಸರತ್ತಿಲ್ಲ. ಇಳಿಜಾರು ಸಿಕ್ಕರೆ ಇಂಜಿನ್ ಆಫ್. ಬಿಸಿಲಲ್ಲಿ ನಿಲ್ಲಿಸಿದರೆ ಪೆಟ್ರೋಲು ಹಾರಿಹೋಗುತ್ತದೆಂದು ಎಮ್ಮೆಯನ್ನು ಹೊರಗೆ ಕಟ್ಟಿ ಗಾಡಿಯನ್ನು ಕೊಟ್ಟಿಗೆಯ ನೆರಳಿಗೆ ತರುತ್ತಿದ್ದ. ಬ್ರೇಕು ಹಿಡಿದರೆ ಮತ್ತೆ ಓಟ ಹತ್ತಿಸಲು ಪೆಟ್ರೋಲು ದಂಡವೆಂದು ಬ್ರೇಕನ್ನೇ ಮುಟ್ಟುತ್ತಿರಲಿಲ್ಲ. ಆ ವ್ರತಕ್ಕೆ ಊರಬಾಗಿಲಲ್ಲಿ ಕೆಂಚಮ್ಮನ ಎರಡು ಕೋಳಿ ಬಲಿಯಾದವು. ಕೆಂಚಮ್ಮ ಅಪ್ಪನ ಬೆನ್ನಿಗೆ ಪೊರಕೆ ಮುರಿದಳು. ಅಪ್ಪ ಏಟು ತಿಂದನೇ ಹೊರತು ಗಾಡಿ ನಿಲ್ಲಿಸಲಿಲ್ಲ.

ಚಿಕ್ಕಪ್ಪನದು ಬೇರೆ ಕೈ. ಎಕ್ಸಿಲರೇಟರ್ ಹಿಂಡಿದರೆ ಹಿಂಡಿದ. ಹಾಗಾಗಿ ಯಾರು ಹೆಚ್ಚು ಸುಟ್ಟರು ಎಂಬ ಜಗಳ ದಿನವೂ ಇತ್ತು. ಅಜ್ಜಿ ಅದಕ್ಕೊಂದು ನ್ಯಾಯ ಕಂಡುಕೊಂಡಳು. ಹುಣಸೆ ಬರಲೊಂದರ ಸಿಪ್ಪೆ ಸುಲಿದು, ಕುಡುಗೋಲಿನಿಂದ ಉದ್ದಕ್ಕೂ ಕಚ್ಚು ಹಾಕಿ ಅಳತೆಕಡ್ಡಿ ಮಾಡಿದಳು. ಗಾಡಿ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುವಾಗಲೆಲ್ಲ ಅದನ್ನು ಟ್ಯಾಂಕಿಗೆ ಇಳಿಸಿ ನೋಡಬೇಕು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಪೆಟ್ರೋಲಿನ ಒದ್ದೆಯೋ ನೋಡನೋಡುತ್ತಲೇ ಆರಿಹೋಗುತ್ತದೆ. ಆದ್ದರಿಂದ ಕಡ್ಡಿ ಎತ್ತಿದ ಕೂಡಲೇ ಎಷ್ಟನೆಯ ಕಚ್ಚು ಎಂದು ಕೂಗುವ ಕೆಲಸ ನನ್ನ ಪಾಲಿಗೆ ಬಂತು.

ಕೂಗಿದರೆ ಒಬ್ಬರು ಸೋಲಲೇಬೇಕಲ್ಲ. ಸೋತವರು ಅದೇ ಬರಲು ಕಿತ್ತುಕೊಂಡು ನನ್ನ ಕಾಲಿಗೆ ಬಾರಿಸುತ್ತಿದ್ದರು.

"ಸರ್ಯಾಗ್ ನೋಡಮ್ಮಿ ಮಂಜಿ! ನಿಮ್ಮಪ್ಪನ ಕಡೆಗೇ ಯೋಳ್ತೀಯಾ?" ಎಂದು ಚಿಕ್ಕಪ್ಪ. "ಕಣ್ಣೇನು ಕೆರದಾಗಿಟ್ಟಿದ್ದೀಯಾ?" ಎಂದು ಅಪ್ಪ. ಹಸಿ ಬಾಸುಂಡೆಗೆ ಪೆಟ್ರೋಲು ತಾಗಿದರೆ ಉರಿಯುವ ರೀತಿಯೇ ಬೇರೆ. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಸುಶೀಲ ನನ್ನ ಕಾಲು ಮೂಸಿ, "ನಿನ್ ಕಾಲು ಬಂಕ್ ವಾಸ್ನೆ ಕಣೇ" ಎನ್ನುತ್ತಿದ್ದಳು. ನಾನು ಅವಳನ್ನು ಹಿಡಿದು ಬಡಿಯುತ್ತಿದ್ದೆ. ಮನೆಯಿಂದ ತಂದದ್ದನ್ನು ಎಲ್ಲಾದರೂ ಇಳಿಸಬೇಕಿತ್ತು.

ಅದು ಅವರೆಕಾಯಿ ಕಾಲ. ಸೊಗಡು ಕೈಗೆ ಅಂಟಿ, ತೊಳೆದರೂ ಹೋಗುತ್ತಿರಲಿಲ್ಲ. ಅಮ್ಮ, ಚಿಕ್ಕಮ್ಮ, ನಾನು ಜಗಲಿಯಲ್ಲಿ ಕೂತು ನೆನೆಸಿದ ಕಾಳು ಹಿತಕುತ್ತಿದ್ದೆವು. ಅಪ್ಪ ಬಂದು ಗಾಡಿ ನಿಲ್ಲಿಸಿದ. ಕಡ್ಡಿ ಇಳಿಯಿತು. ಬೆಳಗ್ಗೆ ಅವನು ತೆಗೆದುಕೊಂಡು ಹೋದಾಗ ಎಲ್ಲಿತ್ತೋ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಕೆಳಗಿತ್ತು. ನಾನು ಕೂಗಿದೆ. ಅಪ್ಪ ಮೀಸೆಯಲ್ಲೇ ನಕ್ಕ.

"ನೋಡ್ಕಳೋ, ಗಾಡಿ ಓಡ್ಸೋದು ಅಂದ್ರೆ ಇದು. ನಿನ್ನಂಗೆ ಕುಡಿಸೋದಲ್ಲ."

"ದಾರೀಲಿ ಎಲ್ಲೋ ತುಂಬ್ಸಿದ್ದೀಯಾ. ಕಳ್ಳ ಬುದ್ಧಿ ನಿಂದು."

ಕಳ್ಳ ಎಂದದ್ದೇ ತಡ, ಅಪ್ಪ ಗಾಳಿ ಹೊಡೆಯುವ ಪಂಪು ಎತ್ತಿ ಬೀಸಿದ. ಚಿಕ್ಕಪ್ಪನ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಚಿಕ್ಕಪ್ಪ ಕುರುಡನಂತೆ ನುಗ್ಗಿ ಅಪ್ಪನ ಕತ್ತು ಹಿಡಿದು ಕೊಟ್ಟಿಗೆಯ ಕಂಬಕ್ಕೆ ಗುದ್ದಿದ. ಬಿಡಿಸಲು ಹೋದ ಅಮ್ಮನ ತುಟಿ ಸೀಳಿತು. ಹಿತಕಿದ ಅವರೆಕಾಳೆಲ್ಲ ಅವರ ಕಾಲಡಿಯಲ್ಲಿ ಹಿಟ್ಟಾಯಿತು. ಕೊನೆಗೆ ಅಜ್ಜಿ ಕೊಡದ ನೀರು ತಂದು ಇಬ್ಬರ ತಲೆಯ ಮೇಲೂ ಸುರಿದಳು.

"ಬರೋ ಭಾನುವಾರ ಇಬ್ರೂವೆ ಒಂದೇ ಗಾಡೀಲಿ ಘಾಟಿಗೋಗಿ. ನಾಗರಕಲ್ಲಿಗೆ ಹಾಲೆರೆದು, ಗಾಡೀಗೆ ಮೋಸ ಮಾಡಿಲ್ಲ ಅಂತ ಆಣೆ ಮಾಡಿ. ಮಂಜೀನೂ ಕರ್ಕೊಂಡೋಗಿ, ಸಾಕ್ಷಿಗೆ. ಸುಳ್ಳಾಡಿದೋನ್ನ ಸುಬ್ರಾಯಸ್ವಾಮಿ ನೋಡ್ಕೋತಾನೆ."

ಆಣೆ ಎಂದಾಗ ಇಬ್ಬರೂ ಮುಖ ಬೇರೆ ಕಡೆ ತಿರುಗಿಸಿದ್ದನ್ನು ನಾನು ಕಂಡೆ. ಏಟಿನ ನೋವಿಗೆ ಇರಬೇಕು ಎಂದುಕೊಂಡೆ.

ಭಾನುವಾರ ಹೊರಟೆವು. ಅಪ್ಪ ಓಡಿಸುವವನು, ಮುಂದೆ ಟ್ಯಾಂಕಿನ ಮೇಲೆ ನಾನು, ಹಿಂದೆ ಹಾಲಿನ ಚೊಂಬು ಹಿಡಿದ ಚಿಕ್ಕಪ್ಪ. ಅಳತೆಯ ಬರಲನ್ನೂ ದೇವರ ಮುಂದೆ ಇಡಬೇಕೆಂದು ಅಜ್ಜಿ ಸೀಟಿನ ಪಕ್ಕಕ್ಕೆ ಕಟ್ಟಿ ಕಳಿಸಿದ್ದಳು. ಘಾಟಿಯ ಏರು ಹತ್ತುವಾಗ ಟ್ಯಾಂಕು ನನ್ನ ತೊಡೆಯನ್ನು ಎಂದಿಲ್ಲದಷ್ಟು ಸುಡತೊಡಗಿತು. "ಅಪ್ಪಾ, ಸುಡತ್ತೆ" ಎಂದೆ. "ಸುಮ್ನೆ ಕೂತ್ಕೋ" ಎಂದ.

ಅಷ್ಟರಲ್ಲಿ ಗಾಡಿ ಕೀಚೆಂದು ಕಿರುಚಿತು. ಹಿಂದಿನ ಚಕ್ರ ಹಿಡಿದುಕೊಂಡಿತು. ಮುಂದೆ ನನಗೆ ನೆನಪಿರುವುದು ಆಕಾಶ, ಆಮೇಲೆ ಜಲ್ಲಿಕಲ್ಲು, ಆಮೇಲೆ ನನ್ನ ಎಡಗೈ ಮೊಣಕೈಯ ಕೆಳಗೆ ಬೇರೆ ಯಾರದೋ ಕೈಯಂತೆ ಓರೆಯಾಗಿ ಬಿದ್ದಿದ್ದದ್ದು. ಹಾಲು ರಸ್ತೆಯ ಮೇಲೆ ಹರಿಯುತ್ತಿತ್ತು. ಅಪ್ಪನ ಮೀನಖಂಡ ಸೈಲೆನ್ಸರ್‌ಗೆ ಅಂಟಿ ಚರ್ಮ ಸುಲಿದಿತ್ತು. ಚಿಕ್ಕಪ್ಪನ ದವಡೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಇಬ್ಬರೂ ಎದ್ದು ನೋಡಿದ್ದು ಗಾಡಿಯನ್ನು. ಕಿಕ್ಕರ್ ಅಲುಗಲಿಲ್ಲ. "ಇಂಜಿನ್ ಹಿಡ್ಕಂಡು ಸೀಜ್ ಆಗೋಯ್ತು" ಎಂದ ಅಪ್ಪ. ಚಿಕ್ಕಪ್ಪ ಡಬ್ಬಿಯಿಂದ ಸ್ಪ್ಯಾನರ್ ತೆಗೆದು ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲು ಹಾಯುವ ಸೂಜಿಗಣ್ಣಿನಂಥ ತೂತಿನಿಂದ ಒಂದು ತಾಮ್ರದ ಎಳೆ ಎಳೆದು ಬಿಸಿಲಿಗೆ ಹಿಡಿದ.

"ಇದ್ಯಾರು ತುರುಕಿದ್ದು?"

"ನಾನೇ ಕಣೋ. ಪೆಟ್ರೋಲು ಕಮ್ಮಿ ಹೋಗ್ಲಿ ಅಂತ. ಇನ್ನೊಂದು ಗಾಡಿ ಅನ್ನೋ ನಿನ್ ಬಾಯಿ ಮುಚ್ಲಿ ಅಂತ!"

ಹಾಗೆಂದ ಅಪ್ಪ ಟ್ಯಾಂಕಿಗೆ ಬೆರಳದ್ದಿ, ಉಜ್ಜಿ, ಮೂಸಿದ. ಅವನ ಮುಖ ಬದಲಾಯಿತು. ಆ ಗಾಡಿಗಳಲ್ಲಿ ಇಂಜಿನ್ನಿಗೆ ಬೇಕಾದ ಎಣ್ಣೆಯನ್ನೂ ಪೆಟ್ರೋಲಿಗೇ ಬೆರೆಸಬೇಕು, ಬೆರೆಸುವ ಕೆಲಸ ಚಿಕ್ಕಪ್ಪನದು. ಅದು ಒಳಗೆ ಹೋದರೆ ಮಾತ್ರ ಪಿಸ್ಟನ್ ಜಾರುತ್ತದೆ. "ಎಣ್ಣೆ ಎಲ್ಲೋ?" ಎಂದು ಅಪ್ಪ ಕೂಗಿದ.

"ಅರ್ಧಕ್ಕಿಳಿಸಿದ್ದೆ. ಎಣ್ಣೆ ಕಮ್ಮಿ ಆದ್ರೆ ಪ್ಲಗ್ಗಿಗೆ ಮಸಿ ಕಟ್ಟಲ್ಲ, ಮೈಲೇಜ್ ಏರ್ತದೆ ಅಂದ್ರು ಪಾಳಿಯೋರು. ದಿನಾ ನನ್ನ ಪೆಟ್ರೋಲ್ ಕುಡುಕ ಅಂತಿದ್ದೆಯಲ್ಲ, ನಿಂಗೆ ತೋರ್ಸೋಣ ಅಂತ!"

ಒಬ್ಬನು ಪೆಟ್ರೋಲಿನ ದಾರಿ ಕಟ್ಟಿದ್ದ, ಇನ್ನೊಬ್ಬನು ಎಣ್ಣೆ ಕದ್ದಿದ್ದ. ಒಬ್ಬನದೇ ಆಗಿದ್ದರೆ ಗಾಡಿ ಹೇಗೋ ತಡೆದುಕೊಳ್ಳುತ್ತಿತ್ತೇನೋ. ಇಬ್ಬರೂ ಸೇರಿ ಅದನ್ನು ಒಣಗಿಸಿ ಕೊಂದರು. ಇದು ಅವರಿಗೆ ಹೊಳೆದ ಮರುಕ್ಷಣ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಮನೆಯಲ್ಲಿ ನೋಡಿದ್ದ ಹೊಡೆದಾಟ ಅದರ ಮುಂದೆ ಆಟ. ಸ್ಪ್ಯಾನರ್ ಮೂಳೆಗೆ ಬಡಿದ ಸದ್ದು ಕೇಳಿಸಿತು. ಅಪ್ಪ ಚಿಕ್ಕಪ್ಪನ ಕಿವಿ ಕಚ್ಚಿದ. ಹಾಲು ಬೆರೆತ ಧೂಳಿನಲ್ಲಿ ಇಬ್ಬರೂ ಉರುಳಾಡಿದರು. ನಾನು ನನ್ನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ಕೂತಿದ್ದೆ. ಅಳಲಿಲ್ಲ. ಅತ್ತರೂ ಅವರಿಗೆ ಕೇಳಿಸುವುದಿಲ್ಲ ಎಂದು ಗೊತ್ತಾಗಿತ್ತು. ಅಷ್ಟು ಒಂಟಿತನ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ಹೂವಿನ ಬುಟ್ಟಿ ಹೊತ್ತು ದೇವಸ್ಥಾನಕ್ಕೆ ಹೋಗುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಇಬ್ಬರನ್ನೂ ಕಾಲಿನಿಂದ ಒದ್ದಳು. "ನಿಮ್ ಮನೆ ಹಾಳಾಗ! ಮಗೀನ ಕೈ ನೋಡ್ರೋ!"

ಆಗ ನೋಡಿದರು. ಚಿಕ್ಕಪ್ಪ ಗೊಳೋ ಎಂದು ಅತ್ತುಬಿಟ್ಟ. ಅಪ್ಪ ಸೀಟಿನ ಪಕ್ಕದಿಂದ ಹುಣಸೆ ಬರಲು ಕಿತ್ತು, ಮಂಡಿಗೆ ಬಡಿದು ಎರಡು ತುಂಡು ಮಾಡಿದ. ತುಂಡುಗಳನ್ನು ನನ್ನ ಕೈಯ ಎರಡೂ ಮಗ್ಗುಲಿಗೆ ಇಟ್ಟು ಚಿಕ್ಕಪ್ಪ ತನ್ನ ಟವಲಿನಿಂದ ಬಿಗಿದ. ಒಬ್ಬ ಹಿಡಿದ, ಒಬ್ಬ ಕಟ್ಟಿದ. ಅವರಿಬ್ಬರು ಕೂಡಿ ಮಾಡಿದ ಕೊನೆಯ ಕೆಲಸ ಅದು.

ಆಣೆ ಆಗಲಿಲ್ಲ. ಗಾಡಿಯನ್ನು ಎತ್ತಿನಗಾಡಿಗೆ ಹಾಕಿ ತಂದರು. ಯುಗಾದಿಯ ಹೊತ್ತಿಗೆ ಚಿಕ್ಕಪ್ಪನ ಹೊಸ ಗಾಡಿ ಬಾಗಿಲಿಗೆ ಬಂತು. ಅಜ್ಜಿ ಹೇಳಿದಂತೆಯೇ ಒಳಗೆ ಎರಡು ಒಲೆ ಉರಿದವು. ಹಜಾರದ ನಡುವೆ ಗೋಡೆ ಎದ್ದಿತು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆಯಲಿಲ್ಲ.

ಹೋದ ವರ್ಷ ನನ್ನ ಮಗಳ ಆರತಿ ಶಾಸ್ತ್ರಕ್ಕೆ ಚಿಕ್ಕಪ್ಪ ಕಾರಿನಲ್ಲಿ ಬಂದಿದ್ದ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ಕಾರನ್ನು ಮೇಲಿಂದ ಕೆಳಗೆ ನೋಡಿದ. ಕೇಳಲೋ ಬೇಡವೋ ಎಂಬಂತೆ ಕೇಳಿದ.

"ಎಷ್ಟು ಕೊಡ್ತದೆ ಇದು?"

"ಯಾರು ನೋಡ್ತಾರೆ ಬಿಡಣ್ಣ. ಹಾಕುಸ್ತೀನಿ, ಓಡುಸ್ತೀನಿ."

ಆ ಕಾಲದಲ್ಲಾಗಿದ್ದರೆ ಈ ಉತ್ತರಕ್ಕೆ ಒಬ್ಬನ ಹುಬ್ಬಾದರೂ ಒಡೆಯುತ್ತಿತ್ತು. ನನ್ನ ಎಡಗೈ ತಾನಾಗಿ ಬಿಗಿದುಕೊಂಡಿತು. ಚಿಕ್ಕಪ್ಪನ ಹುಬ್ಬಿನ ಮೇಲಿನ ಗಾಯದ ಗೆರೆಯನ್ನು ಅಪ್ಪ ನೋಡಿದ. ಗೋಡೆ ಏಳುವ ಮುಂಚಿನಂತೆ ಯಾರಾದರೂ ಒಬ್ಬರು ಕೈ ಎತ್ತಬಾರದೇ ಎಂದು ನನಗೆ ಅನ್ನಿಸಿತು.

"ಊಟ ಮಾಡ್ಕೊಂಡು ಹೋಗಪ್ಪ" ಎಂದು ಹೇಳಿ ಅಪ್ಪ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡ.