ಎಲ್ಡನ್ ಹ್ರುಬಿ ಹಿಡಿದ ಸರಪಳಿ

ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿ, ನವೆಂಬರ್ ಹದಿನೇಳು, ಸೋಮವಾರ. ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ ಎಲ್ಡನ್ ಹ್ರುಬಿ ತನ್ನ ಕಾರ್ ಶೆಡ್ಡಿನ ನೆಲದ ಮೇಲೆ ಮಂಡಿಯೂರಿ ಕೂತು ಸರಪಳಿಯೊಂದನ್ನು ಉಕ್ಕಿನ ಟೇಪಿನಿಂದ ಅಳೆಯುತ್ತಿದ್ದ. ಮೂವತ್ತಡಿಯ ಸರಪಳಿ ಶೆಡ್ಡಿನೊಳಗೆ ಹಿಡಿಸದೆ, ಬಾಗಿಲು ತೆಗೆದು ಅಂಗಳದ ಮಂಜಿನವರೆಗೂ ಎಳೆದಿದ್ದ. ಆ ತುದಿಯಲ್ಲಿ ಅವನ ಹೆಂಡತಿ ಲಿಬ್ಬಿ, ರಾತ್ರಿಯ ಗೌನಿನ ಮೇಲೆ ಅವನದೇ ಕೋಟು ತೊಟ್ಟು ನಿಂತಿದ್ದಳು.

"ಬಿಗಿಯಾಗಿ ಹಿಡಿ, ಸಡಿಲ ಬಿಡಬೇಡ."

"ಹಿಡಿದಿದ್ದೀನಪ್ಪಾ, ಬೆರಳು ಮರಗಟ್ಟಿ ಹೋಗ್ತಿದೆ. ಬೇರೆ ಗಂಡಂದಿರು ಎಬ್ಬಿಸಿ ಕಾಫಿ ಕೊಡ್ತಾರಂತೆ. ನೀನು ಸರಪಳಿ ಕೊಡ್ತೀಯ."

ಎಲ್ಡನ್ ನಗಲಿಲ್ಲ. ಮೂರು ಸಲ ಅಳೆದ, ತುದಿ ಬದಲಾಯಿಸಿ ಮತ್ತೊಮ್ಮೆ ಅಳೆದ. ನಾಲ್ಕು ಸಲವೂ ಒಂದೇ ಉತ್ತರ. ಹತ್ತು ಗಜ ಇರಬೇಕಾದ ಸರಪಳಿ ಎರಡೂಕಾಲು ಇಂಚು ಉದ್ದವಾಗಿತ್ತು.

ನೆಬ್ರಾಸ್ಕಾದ ಹೇವನ್ ಕ್ರೀಕಿನಲ್ಲಿ ಅವನಂಥ ಕರಾರುವಾಕ್ಕು ಮನುಷ್ಯ ಇನ್ನೊಬ್ಬನಿರಲಿಲ್ಲ. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಸುತ್ತಲ ನಾಲ್ಕು ಕೌಂಟಿಗಳಲ್ಲಿ ಜೋಳದ ಲಾರಿ ತೂಗುವ ಕಟ್ಟೆಯಿಂದ ಹಿಡಿದು ಕಟುಕನ ತಕ್ಕಡಿಯವರೆಗೆ ಅವನ ಮುದ್ರೆ ಬಿದ್ದರೇ ಲೆಕ್ಕ. "ಲಿಬ್ಬಿಯನ್ನೂ ತೂಗಿ ಮುದ್ರೆ ಒತ್ತಿದ ಮೇಲೇ ಮದುವೆಯಾದ" ಎಂದು ಗೆಳೆಯ ವರ್ನನ್ ಛೇಡಿಸುತ್ತಿದ್ದ.

ಶನಿವಾರಗಳಲ್ಲಿ ಅದೇ ಎಲ್ಡನ್ ಊರಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಸರಪಳಿ ಹಿಡಿಯುತ್ತಿದ್ದ. ನಾಲ್ಕು ಸರದಿಯಲ್ಲಿ ಚೆಂಡು ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಇನ್ನೂ ನಾಲ್ಕು ಸರದಿ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ, ಎರಡು ಕೋಲುಗಳ ನಡುವೆ ಕಟ್ಟಿದ ಆ ಸರಪಳಿಯೇ ತೀರ್ಪು. ಇಪ್ಪತ್ತೆರಡು ವರ್ಷಗಳಿಂದ ಮುಂದಿನ ಕೋಲು ಹಿಡಿಯುವವನು ಅವನೇ. ಸರಪಳಿಯವರಿಗೆ ಪಕ್ಷವಿಲ್ಲ. ಚಪ್ಪಾಳೆ ತಟ್ಟಬಾರದು, ಬಯ್ಯಬಾರದು, ಆಟದ ಬಗ್ಗೆ ಆಮೇಲೂ ತುಟಿ ಬಿಚ್ಚಬಾರದು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಡನ್ ಒಮ್ಮೆಯೂ ಮುರಿದವನಲ್ಲ. ನಮ್ಮ ಕಾಲೇಜಿನವರು ಗೆದ್ದ ದಿನ ಅವನ ಕಿವಿ ಕೆಂಪಾಗುತ್ತಿತ್ತು, ಅಷ್ಟೇ. ಅದನ್ನು ಲಿಬ್ಬಿ ಮಾತ್ರ ಕಂಡಿದ್ದಳು.

ಆಟದ ಋತು ಮುಗಿದ ಸೋಮವಾರ ಮಾರ್ವೆಲ್ ಎಂಬಾಕೆಯ ಕೆಫೆಯಲ್ಲಿ ಒಂದು ಪದ್ಧತಿಯಿತ್ತು. ಗಸಗಸೆಯ ಕೊಲಾಚಿ ಬನ್ನು ತಿಂದವರೆಲ್ಲ ಕೈ ಒರೆಸುವ ಕಾಗದದ ಮೇಲೆ ತಂಡದ ಕೋಚ್‌ಗೆ ದರ್ಜೆ ಬರೆದು ತಟ್ಟೆಯಡಿ ಇಡಬೇಕು. ಮಾರ್ವೆಲ್ ಅವನ್ನು ಜೋರಾಗಿ ಓದುತ್ತಿದ್ದಳು. ಖಾಲಿ ಕಾಗದ ಬಂದರೆ, "ಇದು ಎಲ್ಡನ್‌ದು" ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು.

ಆ ಸೋಮವಾರ ಮಾರ್ವೆಲ್ ಓದಿದ್ದೆಲ್ಲ ಡಿ, ಡಿ, ಎಫ್, ಮತ್ತೆ ಡಿ.

"ಹತ್ತು ಆಟದಲ್ಲಿ ನಾಲ್ಕು ಗೆಲುವು. ಡಿ ಕೊಡೋಕೆ ಇಷ್ಟು ಸಾಲದಾ?" ಎಂದ ವರ್ನನ್. "ಐದಾದರೂ ಗೆಲ್ಲು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು ಅಂತ ಕಾಲೇಜಿನ ಆಡಳಿತ ಮಂಡಳಿ ಆಗಸ್ಟಿನಲ್ಲೇ ಹೇಳಿತ್ತು. ಇವತ್ತು ನಾಲ್ಕು ಗಂಟೆಗೆ ಸಭೆ. ಕೋಚ್ ಟೀಮನ್ ಕಥೆ ಮುಗೀತು."

"ಶನಿವಾರ ಎರಡು ಬೆರಳಿನಷ್ಟರಲ್ಲಿ ಹೋಯ್ತಲ್ಲೋ," ಎಂದಳು ಮಾರ್ವೆಲ್.

"ಎರಡು ಬೆರಳಾದರೇನು, ಎರಡು ಮೈಲಿಯಾದರೇನು? ಸೋತದ್ದು ಸೋತದ್ದೇ. ಏನಂತೀಯ, ಎಲ್ಡನ್? ಓ, ಇವನನ್ನ ಕೇಳೋದೂ ಒಂದೇ, ಬೇಲಿ ಗೂಟಾನ ಕೇಳೋದೂ ಒಂದೇ."

ಎಲ್ಡನ್ ಕೊಲಾಚಿ ಮುಟ್ಟದೆ ಎದ್ದು ಹೋದ.

ಶನಿವಾರ ಕೊನೆಯ ನಿಮಿಷದಲ್ಲಿ ನಮ್ಮವರು ಮೂರು ಅಂಕ ಹಿಂದಿದ್ದರು. ನಾಲ್ಕನೇ ಸರದಿ. ಓಟಗಾರ ಚೆಂಡು ಅವುಚಿಕೊಂಡು ಗುಂಪಿನೊಳಗೆ ನುಗ್ಗಿ ಬಿದ್ದ. ಅಳತೆಗೆ ಕರೆ ಬಂತು. ಸಾವಿರದ ಇನ್ನೂರು ಜನ ನೋಡುತ್ತಿದ್ದಾಗ ಎಲ್ಡನ್ ಸರಪಳಿಯನ್ನು ಎಳೆದು ಕೋಲು ನಿಲ್ಲಿಸಿದ. ಚೆಂಡಿನ ಮೂತಿಗೂ ಕೋಲಿಗೂ ನಡುವೆ ಎರಡು ಬೆರಳು ಜಾಗ. ಒಂದೂವರೆ ಇಂಚು. ಚೆಂಡು ಎದುರಾಳಿಗೆ ಹೋಯಿತು, ಆಟವೂ.

ಅಕ್ಟೋಬರ್ ಮೊದಲ ವಾರ ಆಟಗಾರನೊಬ್ಬ ಮೇಲೆ ಬಿದ್ದು ಸರಪಳಿ ತುಂಡಾಗಿತ್ತು. ಎಲ್ಡನ್ ತನ್ನ ಹತಾರದ ಪೆಟ್ಟಿಗೆಯಿಂದ ದೊಡ್ಡದೊಂದು ಕೊಂಡಿ ತೆಗೆದು, ಮುರಿದ ಕೊಂಡಿಯ ಜಾಗಕ್ಕೆ ಹಾಕಿ ಆಟ ನಡೆಸಿದ್ದ. ಸೋಮವಾರ ಅಳೆದು ಸರಿಪಡಿಸಿದರಾಯಿತು ಅಂದುಕೊಂಡ. ಆದರೆ ಸುಗ್ಗಿಯ ಕಾಲ. ನಾಲ್ಕು ಕೌಂಟಿಯ ತೂಕದ ಕಟ್ಟೆಗಳೂ ಅವನನ್ನೇ ಕರೆಯುತ್ತಿದ್ದವು. ಬೇರೆಯವರ ತಕ್ಕಡಿ ನೋಡುವ ಗಡಿಬಿಡಿಯಲ್ಲಿ ತನ್ನ ಸರಪಳಿ ಮರೆತ. ಭಾನುವಾರ ಚರ್ಚಿನಲ್ಲಿ, ಎಲ್ಲರೂ ಹಾಡುತ್ತಿದ್ದಾಗ, ಆ ಕೊಂಡಿ ಕಣ್ಣ ಮುಂದೆ ಬಂದಿತ್ತು.

ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಅವನು ಸರಪಳಿಯನ್ನು ಧಾನ್ಯದ ಚೀಲದಲ್ಲಿ ಹಾಕಿಕೊಂಡು ಕಾಲೇಜಿನ ಸಭಾಕೊಠಡಿಯ ಮುಂದಿನ ಪಡಸಾಲೆಗೆ ಬಂದ. ರಸ್ ಟೀಮನ್ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಎಲ್ಡನ್ ಇದ್ದದ್ದನ್ನು ಇದ್ದಂತೆ ಹೇಳಿದ. ಟೀಮನ್ ಆ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿದ.

"ಬಿಡು ಮಾರಾಯ. ಆ ಆಟ ಹೇಳಿಕೊಟ್ಟೋನು ನಾನು. ನಿನ್ನ ಹೆಸರು ಯಾಕೆ ಕೆಡಿಸ್ಕೊತೀಯ? ನಾಳೆ ಯಾವ ರೈತ ನಿನ್ನ ಮುದ್ರೆ ನಂಬ್ತಾನೆ?"

"ಅದಕ್ಕೇ ಬಂದೆ, ಕೋಚ್," ಎಂದ ಎಲ್ಡನ್.

ಈಗ ಆ ಕೆಫೆಯಿಲ್ಲ, ಮಾರ್ವೆಲ್ ಇಲ್ಲ. ಕೊಲಾಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೆಟ್ರೋಲ್ ಬಂಕಿಗೆ ಬರುತ್ತದೆ. ಟೀಮನ್ ಆ ಸಂಜೆ ಮೂರಕ್ಕೆ ಎರಡು ಮತದಿಂದ ಉಳಿದ. ಮರುವರ್ಷ ಆರು ಗೆದ್ದ, ಅದರ ಮರುವರ್ಷ ಮೂರೇ. ಆಗ ತಾನಾಗಿ ಬಿಟ್ಟು ಕಾನ್ಸಾಸಿಗೆ ಹೋದ. ಎಲ್ಡನ್ ಕೋಲನ್ನು ಬೇರೆಯವರಿಗೆ ಕೊಟ್ಟು, ಆಮೇಲಿನ ಹನ್ನೊಂದು ವರ್ಷ ಪ್ರೇಕ್ಷಕರ ಮೆಟ್ಟಿಲ ಮೇಲೆ ಲಿಬ್ಬಿಯ ಪಕ್ಕ ಕೂತ. ಅಲ್ಲಿ ಕೂಗಲು ಅಡ್ಡಿಯಿರಲಿಲ್ಲ. ಕೂಗಿದ ಕೂಡ, ತನಗೆ ಕೂಗಲು ಬರುವುದಿಲ್ಲ ಎಂದು ಗೊತ್ತಾಗುವಷ್ಟು. ರೈತರು ಮೊದಲಿನಂತೆಯೇ ಅವನ ಮುದ್ರೆಗೆ ಕಾಯುತ್ತಿದ್ದರು. ವರ್ನನ್ ಮಾತ್ರ ಸಾಯುವವರೆಗೂ, "ನಿನ್ನ ಸರಪಳಿಯಲ್ಲಿ ನನಗೆ ಬಟ್ಟೆ ಅಳೆದು ಕೊಡೋ, ಎರಡಿಂಚು ಲಾಭ" ಎನ್ನುತ್ತಿದ್ದ.

ಆ ಸೋಮವಾರದ ಸಭೆಯಲ್ಲಿ ಇದ್ದವರಿಗೆ ಇಂದಿಗೂ ಅವನ ದನಿ ನೆನಪಿದೆ. ಚೀಲದಿಂದ ಸರಪಳಿ ಮೇಜಿನ ಮೇಲೆ ಸುರಿದಾಗ ಒಬ್ಬ ಸದಸ್ಯ ತಕರಾರು ತೆಗೆದ: "ಎದುರಾಳಿಗಳಿಗೂ ಅದೇ ಸರಪಳಿ ತಾನೇ?"

"ಹೌದು. ಆದರೆ ಶನಿವಾರ ಅವರನ್ನ ಒಂದು ಸಲವೂ ಅಳೆಯಲಿಲ್ಲ. ನಮ್ಮವರನ್ನ ಒಂದು ಸಲ ಅಳೆದ್ವಿ. ಕೊಂಡಿ ಹಾಕಿದ ಮೇಲೆ ಬೇರೆ ಯಾವ ಆಟದಲ್ಲೂ ಅಳತೆಗೆ ಕರೆ ಬಂದಿರಲಿಲ್ಲ."

"ಸರಿ ಇದ್ದಿದ್ರೆ ಗೆಲ್ತಿದ್ರಾ?"

"ಅದು ನನಗೆ ಗೊತ್ತಿಲ್ಲ. ಇನ್ನೂ ನಾಲ್ಕು ಸರದಿ ಸಿಕ್ತಿತ್ತು, ಅಷ್ಟೇ ಹೇಳಬಲ್ಲೆ. ಆರು ಸೋಲಿನಲ್ಲಿ ಐದು ಕೋಚ್‌ದು. ಆರನೇದನ್ನ ನಾವಿಬ್ಬರೂ ಹಂಚ್ಕೋಬೇಕು."

ಅಧ್ಯಕ್ಷೆ ಬರ್ಗ್ ಕನ್ನಡಕ ತೆಗೆದಳು. "ಹ್ರುಬಿಯವರೇ, ಹನ್ನೊಂದು ವರ್ಷ ಟೀಮನ್ ಅವರಿಂದ ಆರಡಿ ದೂರದಲ್ಲಿ ನಿಂತಿದ್ದೀರಿ. ದರ್ಜೆ ಅಂತ ನೀವು ಯಾವತ್ತೂ ಬರೆದವರಲ್ಲ. ಇವತ್ತಾದರೂ ಹೇಳಿ."

ಎಲ್ಡನ್ ಆ ಕೊಂಡಿಯ ಮೇಲೆ ಬೆರಳಿಟ್ಟ. "ಶನಿವಾರ ಅಳತೆ ಸಾಲಲಿಲ್ಲ ಅಂದಾಗ ಅವರು ನನ್ನನ್ನೂ ಬಯ್ಯಲಿಲ್ಲ, ರೆಫರಿಯನ್ನೂ ಬಯ್ಯಲಿಲ್ಲ. ಆ ಓಟಗಾರನ ಶಿರಸ್ತ್ರಾಣದ ಮೇಲೆ ಕೈಯಿಟ್ಟುಕೊಂಡು ನಿಂತರು. ದರ್ಜೆ ನೀವು ಕೊಡಿ. ನಾನು ಅಳತೆಯವನು."

"ಹಾಗಾದರೆ ಅಳತೆಯನ್ನೇ ಹೇಳಿ. ದಾಖಲೆಗೆ ಬೇಕು, ಜೋರಾಗಿ."

ಎಲ್ಡನ್ ಟೋಪಿ ತೆಗೆದು ಎದ್ದು ನಿಂತ. ಕಿವಿಗಳೆರಡೂ ಕೆಂಪಾಗಿದ್ದವು.

"ಹತ್ತು ಗಜ, ಎರಡೂಕಾಲು ಇಂಚು."