ಸುನಂದಳಿಗೆ ಹಾಸಿದ ಎಲೆ

ದೆವ್ವ, ಸ್ವರ್ಗ, ನರಕ, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಜಂಬಕ್ಕೆ ಹೇಳುತ್ತಿರುವ ಮಾತಲ್ಲ ಇದು. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದವನು ನಾನು. ಮೊದಲು ನಾಗಮಂಗಲದ ಕಡೆ, ಆಮೇಲೆ ನಮ್ಮ ಶೀಳನೆರೆಯ ಸುತ್ತಮುತ್ತ. ಎಷ್ಟೋ ಹಸು, ಎಮ್ಮೆ ನನ್ನ ಕೈ ಕೆಳಗೇ ಪ್ರಾಣ ಬಿಟ್ಟಿವೆ. ಕಣ್ಣು ನಿಂತುಬಿಡುತ್ತದೆ, ಹೊಟ್ಟೆ ಏರಿಳಿಯುವುದು ನಿಲ್ಲುತ್ತದೆ, ಅಷ್ಟೆ. ಒಳಗಿನಿಂದ ಏನೋ ಎದ್ದು ಎಲ್ಲಿಗೋ ಹೊರಟದ್ದನ್ನು ನಾನಂತೂ ಕಂಡಿಲ್ಲ. ಮನುಷ್ಯನ ಕಥೆಯೂ ಇದಕ್ಕಿಂತ ಬೇರೆಯಲ್ಲ ಎಂದುಕೊಂಡಿದ್ದೆ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕು ಎದ್ದು ಹೋಗುತ್ತಿದ್ದೆ.

ನನಗಿದ್ದವಳು ಒಬ್ಬಳೇ ತಂಗಿ, ಸುನಂದ. ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು. ಅವ್ವ ತೀರಿಕೊಂಡಾಗ ಇನ್ನೂ ಹೈಸ್ಕೂಲಿನಲ್ಲಿದ್ದಳು. ಮೈಸೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಡೇವಿಡ್ ಎಂಬುವವರನ್ನು ಮೆಚ್ಚಿ ಮದುವೆಯಾದಳು. ಅವರದು ಪಾಂಡವಪುರದ ಹತ್ತಿರದ ಕ್ಯಾತನಹಳ್ಳಿ. ಮದುವೆಗೆ ಮೊದಲೇ ಅವಳು ಚರ್ಚಿಗೆ ಹೋಗುತ್ತಿದ್ದಳಂತೆ, ದೀಕ್ಷಾಸ್ನಾನವೂ ಆಗಿತ್ತಂತೆ. ನಮ್ಮ ಅಪ್ಪ ಕೂಗಾಡಿ ಸೂರು ಹಾರಿಸಿಬಿಡುತ್ತಾನೆ ಎಂದು ನಾನು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಒಂದು ವರ್ಷ ಮುಖ ಊದಿಸಿಕೊಂಡಿದ್ದು ಆಮೇಲೆ ಸುಮ್ಮನಾದ. ಡೇವಿಡ್ ಒಳ್ಳೆಯ ಮನುಷ್ಯ, ಅದು ಅಪ್ಪನಿಗೂ ಗೊತ್ತಾಗಿತ್ತು.

ಮನೆ ಮುರಿದದ್ದು ಧರ್ಮದಿಂದಲ್ಲ, ಒಂದು ತುತ್ತು ಅನ್ನದಿಂದ. ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಸಿ, ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಅವರು ಬಂದು ಉಂಡು ಹೋಗಲಿ ಎಂದು ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಚಪ್ಪಾಳೆ ತಟ್ಟಿ ಒಳಗೆ ಹೋಗುತ್ತೇವೆ. ಆ ಎಡೆಯ ಅನ್ನವನ್ನೇ ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಮದುವೆಯಾದ ಮೂರನೇ ವರ್ಷ ಸುನಂದ ಪಕ್ಷದ ದಿನವೇ ಊರಿಗೆ ಬಂದಳು. ಅವ್ವನ ಎಲೆಯಿಂದ ಒಂದು ಕಜ್ಜಾಯ ತೆಗೆದು ಅಪ್ಪ ಅವಳ ತಟ್ಟೆಗೆ ಹಾಕಿದ.

"ಎಡೆಗಿಟ್ಟಿದ್ನ ನಾನು ತಿನ್ನಂಗಿಲ್ಲ ಕಣಪ್ಪ, ನಮ್ ಚರ್ಚ್ನಲ್ಲಿ ಬ್ಯಾಡ ಅಂತಾರೆ. ಬ್ಯಾರೆ ಎತ್ತಿಟ್ಟಿದ್ರೆ ಕೊಡು, ತಿಂತೀನಿ" ಎಂದಳು ಸುನಂದ. ಮೆತ್ತಗೇ ಹೇಳಿದಳು.

"ನಿಮ್ಮವ್ವ ಉಂಡಿದ್ದು ಕಣವ್ವ ಅದು. ನಿಮ್ಮವ್ವ ಉಂಡಿದ್ದು ನಿಂಗೆ ಬ್ಯಾಡ್ವಾ?"

ಅವಳು ತಲೆ ತಗ್ಗಿಸಿ ಕೂತಳು, ತಿನ್ನಲಿಲ್ಲ. ಅಪ್ಪ ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡು ಎದ್ದುಹೋದ. ಆಮೇಲೆ ಅವನು ಬದುಕಿದ್ದ ಆರು ವರ್ಷವೂ ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತಾರಲ್ಲ, ಹಾಗೆ. ಅವಳು ಫೋನು ಮಾಡಿದರೆ ನನ್ನ ಕೈಗೆ ಕೊಟ್ಟುಬಿಡುತ್ತಿದ್ದ. ಅವನನ್ನು ಮಣ್ಣು ಮಾಡುವ ದಿನ ಸುನಂದ ಬಂದು ಬದುವಿನ ಆಚೆ ನಿಂತಿದ್ದಳು. ಹತ್ತಿರ ಬಾ ಎಂದು ನಾನೂ ಕರೆಯಲಿಲ್ಲ. ಜನ ಏನಂದಾರೋ ಎಂದು ಅಳುಕಿದೆ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಇದಾಗಿ ಕೆಲವು ವರ್ಷಕ್ಕೆ ಸುನಂದಳಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾದಾಗಲೇ ಕೈ ಮೀರಿತ್ತು. ಎಷ್ಟೋ ರೋಗಿಗಳ ರಿಪೋರ್ಟು ನೋಡಿದವಳು, ತನ್ನದನ್ನೂ ಓದಿ ಮಡಿಸಿಟ್ಟು, ಆಸ್ಪತ್ರೆ ಬೇಡ, ಕ್ಯಾತನಹಳ್ಳಿಯ ಮನೆಗೆ ಹೋಗೋಣ ಎಂದಳಂತೆ. ನಾನು ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಕ್ಯಾತನಹಳ್ಳಿಗೆ ಹೋಗುತ್ತಿದ್ದೆ. ಸಾಯುವವರ ಹತ್ತಿರ ಹೇಗೆ ಕೂರಬೇಕು, ಏನು ಮಾತಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಸದ್ಯ, ಅವಳೇ ಮಾತಾಡುತ್ತಿದ್ದಳು. ಮಾತೆಲ್ಲ ಸ್ವರ್ಗದ್ದೇ. ಮಾವನ ಮನೆಯಿಂದ ತವರಿಗೆ ಹೊರಡುವವಳ ಹಾಗೆ ಮಾತಾಡುತ್ತಿದ್ದಳು.

"ಅಲ್ಲಿ ಕತ್ಲೆ ಆಗದೇ ಇಲ್ಲ ಅಣ್ಣಯ್ಯ. ದೀಪ ಬ್ಯಾಡ, ಸೂರ್ಯನೂ ಬ್ಯಾಡ. ದೇವ್ರ ಬೆಳಕೇ ಸಾಕು."

"ಅಂಗಾರೆ ಲೋಡ್ ಶೆಡ್ಡಿಂಗೂ ಇಲ್ಲ ಅನ್ನು" ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಅವಳಿಗೆ ನೋವಾಗುತ್ತಿತ್ತು.

ಅಲ್ಲೊಂದು ಹೊಳೆ ಇದೆಯಂತೆ, ಎರಡು ದಡದಲ್ಲೂ ತಿಂಗಳು ತಿಂಗಳು ಹಣ್ಣು ಬಿಡುವ ಮರಗಳಂತೆ, ಅವುಗಳ ಎಲೆಯೇ ಔಷಧಿಯಂತೆ. ಅಲ್ಲಿ ಯಾರಿಗೂ ಕಾಯಿಲೆ ಇಲ್ಲ, ಸಾವಿಲ್ಲ. ನಿಮ್ಮ ಊರಿನ ನಾಲೆ ಏರಿಯ ಹಾಗೆ ಇರಬೇಕು, ಕಬ್ಬು ಮಾತ್ರ ಇಲ್ಲ ಎಂದು ನಾನು ರೇಗಿಸಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಅಲ್ಲಿ ಅಳೋರೇ ಇಲ್ಲ ಕಣಣ್ಣಯ್ಯ. ಅಲ್ಲಿಗೋದೋರ ಕಣ್ಣೀರ ದೇವ್ರೇ ಕೈಯಾರ ಒರುಸ್ತಾನೆ. ಇಷ್ಟು ವರ್ಷ ನಾನು ಎಷ್ಟು ಜನದ್ದು ಒರ್ಸಿವ್ನಿ, ನಂಗೂ ಒಬ್ರು ಒರ್ಸೋರು ಬ್ಯಾಡ್ವಾ?" ಎಂದಳು. ಅವಳ ಮುಖದಲ್ಲಿ ಆಗ ಒಂದು ನೆಮ್ಮದಿ ಇತ್ತು. ಅಂಥ ನೆಮ್ಮದಿಯನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ನಿಜ ಹೇಳುತ್ತೇನೆ, ಅದನ್ನು ನೋಡಿ ನನಗೆ ಹೊಟ್ಟೆಯುರಿಯಿತು. ಇವಳು ನಮ್ಮನ್ನೆಲ್ಲ ಬಿಟ್ಟು ಹೋಗುತ್ತಿದ್ದಾಳೆ, ಅದೂ ನಗುತ್ತಾ ಹೋಗುತ್ತಿದ್ದಾಳೆ ಎನ್ನಿಸಿ ಸಿಟ್ಟು ಬಂತು.

"ಅಪ್ಪ ಇರ್ತಾನಾ ಅಲ್ಲಿ?" ಎಂದು ಕೇಳಿಬಿಟ್ಟೆ.

ಅಪ್ಪ ಅವಳ ದೇವರನ್ನು ಒಪ್ಪಿದವನಲ್ಲ. ಅಂಥವರ ಗತಿ ಏನೆಂದು ಅವಳ ಚರ್ಚಿನಲ್ಲಿ ಹೇಳುತ್ತಾರೆಂಬುದು ನನಗೂ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು. ಅಷ್ಟಕ್ಕೇ ಬಾಯಿ ಮುಚ್ಚಲಿಲ್ಲ ನಾನು. "ಅಪ್ಪ, ಅವ್ವ ಇಬ್ರೂ ಇಲ್ದಿರೋ ಜಾಗ್ದಲ್ಲಿ ನೀನು ನಗ್ತಾ ಕುಂತಿರ್ತೀಯಾ?" ಎಂದೆ.

"ಅದೊಂದ ಕೇಳ್ಬ್ಯಾಡ ಕಣಣ್ಣಯ್ಯ" ಎಂದು ಗೋಡೆಯ ಕಡೆ ಹೊರಳಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಎರಡು ಸಲ ಹೋದೆ, ಸ್ವರ್ಗದ ಸುದ್ದಿಯನ್ನು ಅವಳು ನನ್ನೆದುರಿಗೆ ಎತ್ತಲಿಲ್ಲ. ಕೊನೆಯ ಸಲ ಹೊರಟು ನಿಂತಾಗ ನನ್ನ ಅಂಗಿ ಹಿಡಿದುಕೊಂಡು ಒಂದೇ ಮಾತು ಹೇಳಿದಳು: "ನಂಗೆ ಎಡೆ ಇಡ್ಬ್ಯಾಡ. ನೀನು ಕರ್ದು ನಾನು ಬರ್ನಿಲ್ಲ ಅಂದ್ರೆ ನಿಂಗೆ ಬ್ಯಾಸ್ರ ಆಯ್ತದೆ." ಆ ವಾರವೇ ತೀರಿಕೊಂಡಳು. ಊರ ಹೊರಗೆ ಅವರ ಸಮಾಧಿ ಜಾಗದಲ್ಲಿ ಹಾಡು ಹೇಳಿ ಮಣ್ಣು ಮಾಡಿದರು. ಅಲ್ಲಿ ಯಾರ ಮುಖವೂ ನನ್ನ ಮುಖದಷ್ಟು ಕಪ್ಪಿಟ್ಟಿರಲಿಲ್ಲ. ಅವರಿಗೆ ಅವಳು ಎಲ್ಲಿಗೆ ಹೋದಳೆಂಬುದು ಗೊತ್ತಿತ್ತು. ನನಗೆ ಗೊತ್ತಿದ್ದದ್ದು, ಅವಳಿಗಿದ್ದ ಒಂದೇ ಒಂದು ಆಸರೆಗೆ ಕೊನೆಗಾಲದಲ್ಲಿ ನಾನು ಏಟು ಹಾಕಿದೆ ಎಂಬುದು ಮಾತ್ರ.

ಐದು ತಿಂಗಳಿಗೆ ಪಕ್ಷ ಬಂತು. ಬೆಳಿಗ್ಗೆಯಿಂದ ನನ್ನ ಹೆಂಡತಿ ಮಂಜುಳ ಒಲೆ ಮುಂದೆ ಇದ್ದಳು. ನೆಂಟರು ಕತ್ತಲಾದ ಮೇಲೆ ಊಟಕ್ಕೆ ಬರುವವರಿದ್ದರು. ಇಳಿಹೊತ್ತಿನಲ್ಲಿ ಒಳಕೋಣೆಯನ್ನು ಸಾರಿಸಿ ಅಪ್ಪನಿಗೊಂದು, ಅವ್ವನಿಗೊಂದು ಎಲೆ ಹಾಸಿದೆವು. ಇನ್ನೊಂದು ಎಲೆ ತಾ ಎಂದೆ.

"ಸುನಂದ ಬ್ಯಾಡ ಅಂದಿದ್ಲಂತಲ್ಲ?" ಎಂದಳು ಮಂಜುಳ.

"ಬಂದ್ರೆ ಬರ್ಲಿ, ಬರ್ದಿದ್ರೆ ಬುಡ್ಲಿ. ನೀನು ಎಲೆ ಆಕು."

ಯಾಕೆ ಹಾಗೆ ಹಟ ಮಾಡಿದೆನೋ ತಿಳಿಯದು. ನಂಬಿಕೆ ಇಲ್ಲದವನು ಎಷ್ಟು ಎಲೆ ಹಾಸಿದರೇನು? ಅಪ್ಪ ಅವಳನ್ನು ಬಿಟ್ಟ, ಅವಳ ದೇವರು ಅಪ್ಪನನ್ನು ಬಿಟ್ಟ, ನನ್ನ ಮನೆಯಲ್ಲಾದರೂ ಮೂವರಿಗೂ ಒಂದೇ ಸಾಲಿನಲ್ಲಿ ಎಲೆ ಬೀಳಲಿ ಎನ್ನಿಸಿರಬೇಕು. ಅವಳಿಗೆ ಇಷ್ಟವಾದ ಒತ್ತುಶ್ಯಾವಿಗೆ, ಕಾಯಿಹಾಲು ಬಡಿಸಿದೆ. ಮಂಜುಳ ಮರುಮಾತಾಡದೆ ಒಂದು ರವಿಕೆ ಕಣವನ್ನೂ ಹಸಿರು ಬಳೆಯನ್ನೂ ತಂದಿಟ್ಟಳು. ದೀಪ ಹಚ್ಚಿ, ಬಾಗಿಲು ಎಳೆದು ಚಿಲಕ ಹಾಕಿದೆ. ಅವಳು ಹಿತ್ತಲ ಒಲೆಯ ಹತ್ತಿರ ಹೋದಳು. ನಾನು ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ಕೂತು ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ.

ಅಡಿಕೆ ಇನ್ನೂ ನುರಿದಿರಲಿಲ್ಲ. ಒಳಗೆ ಯಾರೋ ಅಳುವುದು ಕೇಳಿಸಿತು.

ಬೆಕ್ಕು ಎಂದುಕೊಂಡೆ ಮೊದಲು. ಆಮೇಲೆ ಪಕ್ಕದ ಮನೆಯ ಟಿವಿ ಎಂದುಕೊಂಡೆ. ಎದ್ದು ಬೀದಿ ಬಾಗಿಲಿಗೆ ಹೋಗಿ ಕಿವಿಗೊಟ್ಟೆ, ಅಲ್ಲಿ ಏನೂ ಇರಲಿಲ್ಲ. ವಾಪಸು ಬಂದೆ, ಅಳು ಅಲ್ಲೇ ಇತ್ತು, ಬಾಗಿಲ ಹಿಂದೆಯೇ. ದನದ ಕೂಗು ಕೇಳಿಯೇ ಅದಕ್ಕೆ ಹಸಿವೋ, ನೋವೋ, ಕರುವಿನ ಸಂಕಟವೋ ಎಂದು ಹೇಳುವವನು ನಾನು. ನನ್ನ ಕಿವಿ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಅದು ದೊಡ್ಡ ದನಿಯ ಅಳುವಲ್ಲ. ಬಾಯಿ ಮುಚ್ಚಿಕೊಂಡು, ಉಸಿರು ಹಿಡಿದು ಹಿಡಿದು ಬಿಡುತ್ತಾ, ಯಾರಿಗೂ ಕೇಳಿಸಬಾರದು ಎಂಬಂತೆ ಅಳುವುದು. ಅವ್ವ ಸತ್ತ ವರ್ಷವೆಲ್ಲ ಸುನಂದ ಹೀಗೇ ಅಳುತ್ತಿದ್ದಳು. ಆಗ ನಾನು ಪಕ್ಕದ ಚಾಪೆಯಲ್ಲಿ ಮಲಗಿ ಕೇಳಿಸಿಕೊಂಡಿದ್ದೇನೆ.

ಚಿಲಕದ ಮೇಲೆ ಕೈ ಇಟ್ಟೆ. ಕೈ ಇಟ್ಟವನು ಹಾಗೇ ನಿಂತುಬಿಟ್ಟೆ. ಹಿರಿಯರು ಉಣ್ಣುವಾಗ ಬಾಗಿಲು ತೆಗೆಯಬಾರದು ಎಂಬ ಶಾಸ್ತ್ರ ತಡೆಯಿತು ಎಂದು ಹೇಳಿದರೆ ಸುಳ್ಳಾದೀತು. ತಡೆದದ್ದು ಭಯ. ಒಳಗೆ ಏನೂ ಇಲ್ಲದಿದ್ದರೆ ಎಂಬ ಭಯ, ಏನಾದರೂ ಇದ್ದುಬಿಟ್ಟರೆ ಎಂಬ ಭಯ. ಎಷ್ಟು ಹೊತ್ತು ನಿಂತಿದ್ದೆನೋ, ಒಂದು ಸಲ ಉಸಿರೆಳೆದ ಸದ್ದಾಗಿ ಅಳು ನಿಂತುಹೋಯಿತು. ಆಮೇಲೆ ಚಪ್ಪಾಳೆ ತಟ್ಟಿ ಬಾಗಿಲು ತೆಗೆದೆ. ದೀಪ ನೆಟ್ಟಗೆ ಉರಿಯುತ್ತಿತ್ತು. ಕಿಟಕಿ ಹಾಕಿದಂತೆಯೇ ಇತ್ತು. ಮೂರು ಎಲೆಯ ಮೇಲೂ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಅಟ್ಟ, ಮೂಲೆ, ಒನಕೆಯ ಹಿಂದೆ, ಎಲ್ಲ ಕಡೆ ಹುಡುಕಿದೆ, ಬೆಕ್ಕೂ ಇರಲಿಲ್ಲ.

ಅಷ್ಟರಲ್ಲಿ ಮಂಜುಳ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು. "ಅತ್ಬುಟ್ರಾ? ಕೇಳುಸ್ತು. ಅಳ್ಲಿ, ಎದೆ ಅಗ್ರ ಆಗ್ಲಿ ಅಂತ ನಾನು ಬರ್ನಿಲ್ಲ" ಎಂದಳು.

ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ, ಒಣಗಿತ್ತು. ನಾನಲ್ಲ ಅತ್ತದ್ದು ಎಂದು ಅವಳಿಗೆ ಹೇಳಲಿಲ್ಲ. ಆ ರಾತ್ರಿ ನೆಂಟರ ಜೊತೆ ಕೂತು ಮೂರೂ ಎಲೆಯ ಅನ್ನ ಉಂಡೆ. ಒಂದು ತುತ್ತೂ ರುಚಿ ಹತ್ತಲಿಲ್ಲ.

ಮರುವರ್ಷ ಅವಳು ತೀರಿಕೊಂಡ ದಿನ ಡೇವಿಡ್ ಕರೆದರೆಂದು ಕ್ಯಾತನಹಳ್ಳಿಗೆ ಹೋಗಿದ್ದೆ. ಸಮಾಧಿಗೆ ಸೇವಂತಿಗೆ ಇಟ್ಟು ಮೇಣದ ಬತ್ತಿ ಹಚ್ಚಿ ಪ್ರಾರ್ಥನೆ ಮಾಡಿದರು. ಮನುಷ್ಯ ಇಳಿದುಹೋಗಿದ್ದರು, ಆದರೆ ಮುಖದಲ್ಲಿ ಒಂದು ಬೆಳಕಿತ್ತು. ಇಬ್ಬರೇ ಉಳಿದಾಗ ನನ್ನ ಕೈ ಹಿಡಿದುಕೊಂಡರು.

"ನಿಮ್ಗೆ ಒಂದ್ ಮಾತು ಯೋಳಿರ್ನಿಲ್ಲ ಭಾವ. ಸಾಯೋ ಹಿಂದಿನ್ ದಿನ ಸುನಂದ ಅಂದ್ಲು, ‘ಅಣ್ಣಯ್ಯ ಅಪ್ಪನ್ ಇಚಾರ ಕೇಳ್ದ. ನಂಗೆ ಉತ್ರ ಗೊತ್ತಾಗ್ನಿಲ್ಲ. ಅಲ್ಲಿಗೋದ ತಕ್ಷಣ ಮೊದ್ಲು ಅದ್ನೇ ಕೇಳ್ತೀನಿ. ಕಾಲು ಕಟ್ಕೊಂಡಾದ್ರೂ ಅಪ್ಪನ್ನೂ ಅವ್ವನ್ನೂ ಕರುಸ್ಕೊತೀನಿ’ ಅಂತ. ಇಷ್ಟೊತ್ಗೆ ಕೇಳಿರ್ತಾಳೆ, ಅಲ್ವಾ ಭಾವ? ದೇವ್ರು ಒಪ್ಕೊಂಡಿರ್ತಾನೆ, ಅಲ್ವಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆ ನಂಬಿಕೆಯೊಂದರಿಂದಲೇ ಅವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಾರೆ ಎಂಬುದು ನನಗೆ ಕಾಣುತ್ತಿತ್ತು.

"ಊಂ, ಒಪ್ಕೊಂಡಿರ್ತಾನೆ" ಎಂದೆ.

ಇದಾಗಿ ನಾಲ್ಕು ವರ್ಷವಾಯಿತು. ಎಡೆ ಕೋಣೆಯಲ್ಲಿ ಕೇಳಿದ್ದನ್ನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನನ್ನ ತಲೆಯೊಳಗಿನ ಸದ್ದೇ ಆಗಿದ್ದರೆ ಹಿತ್ತಲಿನಲ್ಲಿದ್ದ ಮಂಜುಳಳಿಗೆ ಹೇಗೆ ಕೇಳಿಸಿತು? ಸುನಂದಳೇ ಆಗಿದ್ದರೆ, ಅಳುವವರೇ ಇಲ್ಲದ ಕಡೆಗೆ ಹೋದವಳು ಯಾಕೆ ಅತ್ತಳು? ಅವಳಿಗೆ ಸಿಕ್ಕ ಉತ್ತರ ಏನು? ಅಥವಾ ಅಲ್ಲಿ ಉತ್ತರ ಹೇಳುವವರೇ ಇರಲಿಲ್ಲವೋ? ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ. ಅವತ್ತು ಚಿಲಕ ತೆಗೆದು "ಯಾಕವ್ವ?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.